ತುಂಬಿದ ಬಾಟಲಿ: ‘ಶಾಲೆಗೆ ಇನ್ನೂ ರೆಡಿಯಿಲ್ಲ’ ಎನಿಸಿಕೊಂಡ ಮಗುವಿನ ಪ್ರಕರಣ

ಈ ಕುಟುಂಬದ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಮಗುವನ್ನು ಇಲ್ಲಿ ಇಳಾ ಎಂದು ಕರೆಯುತ್ತೇನೆ. ನನ್ನ ಬಳಿಗೆ ಬಂದಾಗ ಅವಳಿಗೆ 5 ವರ್ಷ 2 ತಿಂಗಳು. ಶಾಲೆಗೆ ಸೇರಿ ಏಳು ವಾರವಾಗಿತ್ತು. ದಿನವೂ ಗೇಟಿನ ಬಳಿ ಅಳು, ತರಗತಿಯಲ್ಲಿ ಬೆಳಗಿನ ಅವಧಿಯ ನಡುವೆ ಮತ್ತೊಮ್ಮೆ ಅಳು, ಮನೆಗೆ ಬಂದ ಮೇಲೆ ಸಣ್ಣ ಮಾತಿಗೂ ರಂಪ. ಶಾಲೆಯವರು ಒಂದು ತಿಂಗಳು ಕಾದು ನೋಡಿ, ಮಗು ಇನ್ನೂ ರೆಡಿಯಾಗಿಲ್ಲ, ಒಂದು ವರ್ಷ ಮನೆಯಲ್ಲೇ ಇಟ್ಟುಕೊಂಡು ಮುಂದಿನ ವರ್ಷ ಕಳಿಸಿ ಎಂದು ಹೇಳಿದ್ದರು. ಆ ಮಾತನ್ನು ಒಪ್ಪಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ ತಾಯಿ, ತಂದೆ, ಅಜ್ಜಿ ಮೂವರೂ ಮಗುವಿನೊಂದಿಗೆ ಬಂದಿದ್ದರು.

ತಾಯಿ ಕುಳಿತವರೇ ಚೀಲದಿಂದ ಎರಡು ನೋಟ್‌ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಕ್ಷರಮಾಲೆ ಪೂರ್ತಿ ಬರುತ್ತದೆ, ನೂರರವರೆಗೆ ಅಂಕಿ ಬರುತ್ತದೆ, ಇಪ್ಪತ್ತಕ್ಕೂ ಹೆಚ್ಚು ಶಿಶುಗೀತೆ ಬಾಯಿಪಾಠವಾಗಿದೆ. “ಇಷ್ಟೆಲ್ಲ ಬಂದರೂ ರೆಡಿಯಿಲ್ಲ ಅಂದರೆ ಇನ್ನೇನು ಕಲಿಸಬೇಕಿತ್ತು ಮೇಡಂ?” ಎಂದು ಕೇಳಿದರು. ತಂದೆಯ ಅಭಿಪ್ರಾಯ ಬೇರೆಯಿತ್ತು. ಮಗುವನ್ನು ಮುದ್ದು ಮಾಡಿ ಹಾಳು ಮಾಡಿದ್ದೇವೆ, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ, ಇದಕ್ಕೆ ಆಪ್ತಸಲಹೆ ಏಕೆ ಎಂಬುದು ಅವರ ಧಾಟಿ. ಅಜ್ಜಿ ಏನೂ ಹೇಳಲಿಲ್ಲ. ಇಡೀ ಮೊದಲ ಭೇಟಿಯಲ್ಲಿ ಅವರನ್ನು ನಾನೂ ಏನೂ ಕೇಳಲಿಲ್ಲ. ಇದನ್ನು ಬರೆದಿಡುತ್ತಿರುವುದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ತಾಯಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಶಾಲಾ ಸಿದ್ಧತೆ ಎಂದರೆ ಅಕ್ಷರಗಳ ಪಟ್ಟಿ ಎಂಬ ನಂಬಿಕೆ ಬಹಳ ಗಟ್ಟಿಯಾದದ್ದು, ಏಕೆಂದರೆ ಆ ಪಟ್ಟಿಯನ್ನು ತೋರಿಸಬಹುದು, ಎಣಿಸಬಹುದು. ಅಮೆರಿಕದ ರಾಷ್ಟ್ರೀಯ ಶಿಕ್ಷಣ ಗುರಿಗಳ ಸಮಿತಿಯೊಂದು 1995ರಲ್ಲಿ ಈ ಸಿದ್ಧತೆಯನ್ನು ಐದು ಕ್ಷೇತ್ರಗಳಾಗಿ ವಿಂಗಡಿಸಿತ್ತು: ದೇಹದ ಆರೋಗ್ಯ ಮತ್ತು ಚಲನೆಯ ಹಿಡಿತ, ಭಾವನೆ ಮತ್ತು ಸಾಮಾಜಿಕ ಬೆಳವಣಿಗೆ, ಕಲಿಕೆಯ ಕಡೆಗಿನ ಧೋರಣೆ, ಭಾಷೆ, ಕೊನೆಗೆ ಗ್ರಹಿಕೆ ಮತ್ತು ಸಾಮಾನ್ಯ ತಿಳಿವಳಿಕೆ. ನೋಟ್‌ಪುಸ್ತಕದಲ್ಲಿ ಕಾಣುವುದು ಕೊನೆಯ ಎರಡರ ಒಂದು ತುಣುಕು ಮಾತ್ರ. ಆ ಮೇಲೆ ಯುನಿಸೆಫ್ ಇನ್ನೊಂದು ದಿಕ್ಕಿನಿಂದ ಇದೇ ಮಾತನ್ನು ವಿಸ್ತರಿಸಿತು. ಮಗು ಶಾಲೆಗೆ ಸಿದ್ಧವಾಗುವುದರ ಜೊತೆಗೆ ಕುಟುಂಬವೂ ಸಿದ್ಧವಾಗಬೇಕು, ಶಾಲೆಯೂ ಮಗುವಿಗಾಗಿ ಸಿದ್ಧವಾಗಿರಬೇಕು ಎಂದಿತು. ಈ ಮೂರನೆಯದನ್ನು ನಾನು ಓದಿದ್ದೆ, ತರಬೇತಿಗಳಲ್ಲಿ ಹೇಳಿಯೂ ಇದ್ದೆ. ಆದರೂ ಇಳಾಳ ವಿಷಯದಲ್ಲಿ ಅದನ್ನು ನೆನಪಿಗೆ ತಂದುಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಮೊದಲು ಕೇಳಬೇಕಾದದ್ದನ್ನು ಕೇಳಿದೆ. ಹೆರಿಗೆ ತಿಂಗಳು ತುಂಬಿ ಆಗಿತ್ತು. ನಡಿಗೆ, ಮಾತು ಎಲ್ಲ ಸಮಯಕ್ಕೆ ಬಂದಿತ್ತು. ಎರಡು ವರ್ಷದಿಂದ ಐದು ವರ್ಷದ ನಡುವಿನ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗುವುದು ಸಾಮಾನ್ಯ. ಒಂದು ವಾರ ಚೆನ್ನಾಗಿ ಕೇಳಿಸಿ ಇನ್ನೊಂದು ವಾರ ಕೇಳಿಸದಿರುವ ಇಂಥ ಮಗು ‘ಮಾತು ಕೇಳದ ಮಗು’ ಎಂಬ ಹೆಸರು ಹೊತ್ತು ತಿರುಗುವುದನ್ನು ಕಂಡಿರುವುದರಿಂದ, ಶಾಲೆಯ ದೂರು ಏನೇ ಇರಲಿ, ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸದೆ ನಾನು ಮುಂದೆ ಹೋಗುವುದಿಲ್ಲ. ಇಳಾಳ ಎರಡೂ ವರದಿ ಸರಿಯಾಗಿದ್ದವು.

ನನ್ನ ಕೊಠಡಿಯಲ್ಲಿ ಅವಳು ಅಳಲಿಲ್ಲ. ತಾಯಿ ಹೊರಗೆ ಹೋದಾಗ ಬಾಗಿಲಿನತ್ತ ಒಮ್ಮೆ ನೋಡಿ, ಮತ್ತೆ ಮಣಿಗಳ ಡಬ್ಬಿಗೆ ಮರಳಿದಳು. ಏಳು ಮಣಿ ಕೊಡು ಎಂದರೆ ಒಂದು ಮುಷ್ಟಿ ತೆಗೆದು ನನ್ನ ಅಂಗೈಗೆ ಸುರಿದಳು. ನೂರರವರೆಗೆ ತಡವರಿಸದೆ ಹೇಳುವ ಮಗು ಏಳನ್ನು ಮುಷ್ಟಿಯಲ್ಲಿ ಅಳೆಯುತ್ತದೆಯೇ ಎಂದು ಹೊರಗಿನಿಂದ ಇಣುಕುತ್ತಿದ್ದ ತಾಯಿಗೆ ದಿಗಿಲಾದದ್ದು ಮುಖದಲ್ಲೇ ಕಾಣಿಸಿತು. “ಎಣಿಸಿ ಕೊಡು” ಎಂದಾಗ ಇಳಾ ಒಂದೊಂದೇ ಮಣಿಯನ್ನು ಮೇಜಿನ ಅಂಚಿಗೆ ಸರಿಸಿ, ಏಳಕ್ಕೆ ನಿಲ್ಲಿಸಿ, “ಸಾಕಲ್ವಾ?” ಎಂದಳು. ಕೊನೆಯಲ್ಲಿ ಹೇಳಿದ ಅಂಕಿಯೇ ಒಟ್ಟು ಮೊತ್ತ ಎಂಬ ತಿಳಿವು ಮಕ್ಕಳಿಗೆ ಸಾಮಾನ್ಯವಾಗಿ ನಾಲ್ಕನೇ ವಯಸ್ಸಿನ ಆಸುಪಾಸಿನಲ್ಲಿ ಮೂಡುತ್ತದೆ. ಅವಳಲ್ಲಿ ಅದು ಮೂಡಿತ್ತು. ಅಂಕಿ ಹೇಳು ಎಂದು ಕೇಳಿದವರು ಬಹಳ ಮಂದಿ, ಎಣಿಸಿ ಕೊಡು ಎಂದು ಕೇಳಿದವರಿರಲಿಲ್ಲ, ಅಷ್ಟೆ.

ಆಮೇಲೆ ತಲೆ ಮುಟ್ಟು ಎಂದರೆ ಕಾಲ್ಬೆರಳು ಮುಟ್ಟಬೇಕು, ಕಾಲ್ಬೆರಳು ಎಂದರೆ ತಲೆ ಮುಟ್ಟಬೇಕು ಎಂಬ ಆಟ ಆಡಿದೆವು. ನೋಡಲು ತಮಾಷೆಯ ಆಟವಾದರೂ ಮಗು ನಿಯಮವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು, ಮೊದಲು ಹೊರಟ ಕೈಯನ್ನು ತಡೆದುಕೊಳ್ಳುವುದು, ನಿಯಮ ಬದಲಾದಾಗ ತಾನೂ ಬದಲಾಗುವುದು, ಈ ಮೂರನ್ನೂ ಅದು ಒಟ್ಟಿಗೆ ತೋರಿಸುತ್ತದೆ. ತರಗತಿಯಲ್ಲಿ ಸರದಿ ಕಾಯಲು, ಶಿಕ್ಷಕರು ಒಟ್ಟಿಗೆ ಹೇಳಿದ ಎರಡು ಸೂಚನೆಗಳನ್ನು ಪಾಲಿಸಲು ಬೇಕಾದದ್ದು ಇದೇ ಶಕ್ತಿ. ಇಳಾಳ ಕೈ ಹಲವು ಸಲ ತಪ್ಪು ಕಡೆಗೆ ಹೊರಟು ಅರ್ಧ ದಾರಿಯಲ್ಲಿ ಹಿಂದೆ ಬಂತು. ತಪ್ಪು ಮಾಡದಿರುವುದಕ್ಕಿಂತ ಈ ಹಿಂದೆ ಬರುವಿಕೆಯನ್ನೇ ನಾನು ಈ ವಯಸ್ಸಿನಲ್ಲಿ ಹೆಚ್ಚು ಬೆಲೆಯುಳ್ಳದ್ದೆಂದು ನೋಡುತ್ತೇನೆ. ಚೌಕವನ್ನು ನೋಡಿ ಬರೆದಳು, ತ್ರಿಕೋನದ ಮೂಲೆಗಳು ದುಂಡಗಾದವು. ಅದೂ ವಯಸ್ಸಿಗೆ ತಕ್ಕದ್ದೇ.

ಇಷ್ಟು ನೋಡಿದ ಮೇಲೆ ಬೆಳವಣಿಗೆಯಲ್ಲಿ ಹಿಂದುಳಿದಿರುವ ಲಕ್ಷಣವಿಲ್ಲ ಎಂದು ಬರೆದುಕೊಂಡು, ತಾಯಿಯಿಂದ ಅಗಲುವ ಆತಂಕವೇ ಸಮಸ್ಯೆ ಎಂಬ ತೀರ್ಮಾನಕ್ಕೆ ಬಂದೆ. ಗೇಟಿನ ಬಳಿ ಅಳುವ ಐದು ವರ್ಷದ ಮಗುವಿಗೆ ಯಾರಾದರೂ ಮೊದಲು ಕೊಡುವ ಹೆಸರೇ ಅದು. ಬೀಳ್ಕೊಡುಗೆ ಚುಟುಕಾಗಿರಲಿ, ದಿನವೂ ಒಂದೇ ರೀತಿ ಇರಲಿ, ಹೇಳದೆ ಕದ್ದು ಹೊರಟು ಹೋಗಬೇಡಿ, ಮತ್ತೆ ಯಾವಾಗ ಬರುತ್ತೀರಿ ಎಂಬುದನ್ನು ಗಂಟೆಯ ಲೆಕ್ಕದಲ್ಲಿ ಹೇಳದೆ ‘ಕಥೆಯ ಪೀರಿಯಡ್ ಮುಗಿದ ಮೇಲೆ’ ಎಂದು ಅವಳಿಗೆ ತಿಳಿಯುವ ಗುರುತಿನಲ್ಲಿ ಹೇಳಿ ಎಂದು ಸೂಚಿಸಿದೆ. ಸಲಹೆ ತಪ್ಪಾಗಿರಲಿಲ್ಲ. ಎರಡು ವಾರದಲ್ಲಿ ಗೇಟಿನ ಅಳು ಹತ್ತಿಪ್ಪತ್ತು ಸೆಕೆಂಡುಗಳ ಮೂಗೊರೆಸಾಟಕ್ಕೆ ಇಳಿಯಿತು. ಆದರೆ ತರಗತಿಯೊಳಗಿನ ಅಳು ಒಂದು ದಿನವೂ ತಪ್ಪಲಿಲ್ಲ.

ಅಲ್ಲಿಯೇ ನಾನು ಎಡವಿದ್ದೆ. ಅಗಲಿಕೆಯ ಅಳು ಅಗಲುವ ಹೊತ್ತಿನಲ್ಲಿ ಜೋರಾಗಿದ್ದು ಆಮೇಲೆ ಇಳಿಯಬೇಕು. ಇದು ಎರಡು ತಾಸು ಸುಮ್ಮನಿದ್ದು ಆಮೇಲೆ ಏರುವ ಅಳು. ಮೊದಲ ದಿನವೇ ಅಳುವಿನ ವೇಳೆಯನ್ನು ನನಗೆ ಹೇಳಿದ್ದರು, ನನ್ನ ಟಿಪ್ಪಣಿಯಲ್ಲಿ ಬರೆದೂ ಇತ್ತು. ಎರಡು ಅಳುವನ್ನು ಒಂದೇ ಎಂದು ಓದಿಕೊಂಡದ್ದು ನನ್ನ ಅವಸರ. ಮೂರನೆಯ ಭೇಟಿಗೆ ಇಳಾಳನ್ನು ಕರೆತಂದವರು ಅಜ್ಜಿ. ಶಾಲೆಯಿಂದ ಬಂದ ಕೂಡಲೇ ಅವಳು ಏನು ಮಾಡುತ್ತಾಳೆ, ಒಂದೊಂದಾಗಿ ಹೇಳಿ ಎಂದು ಕೇಳಿದೆ. “ಮೊದ್ಲು ಬಾತ್ರೂಮಿಗೆ ಓಡ್ತಾಳೆ, ಚಪ್ಪಲಿ ಬಿಚ್ಚೋಕೂ ಪುರುಸೊತ್ತಿರಲ್ಲ. ನೀರಿನ ಬಾಟ್ಲಿ ಬೆಳಿಗ್ಗೆ ತುಂಬಿ ಕಳ್ಸಿದ್ದು ತುಂಬಿದ ಹಾಗೇ ವಾಪಸ್ ಬರತ್ತೆ ಕಣಮ್ಮ, ನಾನೇ ದಿನಾ ಚೆಲ್ತೀನಿ” ಎಂದರು. ಇದನ್ನು ಯಾರಿಗೂ ಏಕೆ ಹೇಳಲಿಲ್ಲ ಎಂದು ನಾನು ಕೇಳಬಹುದಿತ್ತು. ಯಾರೂ ಅವರನ್ನು ಕೇಳಿರಲಿಲ್ಲ ಎಂಬುದು ಗೊತ್ತಿದ್ದರಿಂದ ಸುಮ್ಮನಾದೆ.

ಮಗು ಶಾಲೆಯ ಶೌಚಾಲಯವನ್ನು ತಪ್ಪಿಸಿಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟಿತ್ತು. ಇಂಥ ಸಂಗತಿ ಎದುರಾದಾಗ ಆಪ್ತಸಲಹೆಗಾರರು ಮೊದಲು ಯೋಚಿಸಬೇಕಾದದ್ದು ಮಗುವಿನ ಸುರಕ್ಷತೆಯನ್ನು. ಅಲ್ಲಿ ಯಾರಾದರೂ ಅವಳನ್ನು ಹೆದರಿಸಿದ್ದಾರೆಯೇ, ಮುಟ್ಟಬಾರದಂತೆ ಮುಟ್ಟಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು, ಆದರೆ ಆ ಪ್ರಶ್ನೆಗಳನ್ನು ಅದೇ ಮಾತುಗಳಲ್ಲಿ ಮಗುವಿನ ಮುಂದಿಡಬಾರದು. ಈ ವಯಸ್ಸಿನ ಮಕ್ಕಳು ದೊಡ್ಡವರು ಸೂಚಿಸಿದ ಉತ್ತರವನ್ನೇ ಎತ್ತಿಕೊಡುವುದುಂಟು. ಗೊಂಬೆಮನೆ ತೆಗೆದಿಟ್ಟು, ಈ ಗೊಂಬೆ ಶಾಲೆಗೆ ಹೋಗಿದೆ, ಆಮೇಲೆ ಏನಾಗುತ್ತದೆ ನೀನೇ ಹೇಳು ಎಂದು ಕಾದೆ. ಇಳಾ ಗೊಂಬೆಯನ್ನು ಒಂದು ಪುಟ್ಟ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿ ಅದರ ಮೇಲೆ ಅಂಗೈ ಒತ್ತಿ ಹಿಡಿದಳು. “ಚಿಲಕ ಬರಲ್ಲ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಕೂಗಿದ್ರೂ ಮಿಸ್‌ಗೆ ಕೇಳ್ಸಲ್ಲ.” ಒಂದು ದಿನದ ಆಟದಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲವೆಂದು ಮುಂದಿನ ಭೇಟಿಯಲ್ಲೂ ಅದೇ ಆಟಕ್ಕೆ ಅವಕಾಶ ಕೊಟ್ಟೆ, ಕಥೆ ಬದಲಾಗಲಿಲ್ಲ, ಅದರಲ್ಲಿ ಬೇರೆ ಯಾರೂ ಬರಲಿಲ್ಲ. ಮಕ್ಕಳ ಜೊತೆ ಅಲ್ಲಿಗೆ ಯಾರು ಹೋಗುತ್ತಾರೆ, ಯಾರ ಕಣ್ಣಳತೆಯಲ್ಲಿ ಆ ಜಾಗವಿದೆ ಎಂಬುದನ್ನು ಶಾಲೆಯಿಂದ ಪ್ರತ್ಯೇಕವಾಗಿ ತಿಳಿದುಕೊಂಡೆ. ಮೂತ್ರ ತಡೆದುಕೊಳ್ಳುವುದು, ನೀರು ಕುಡಿಯದಿರುವುದು ಎರಡೂ ಸೇರಿದರೆ ಮಲಬದ್ಧತೆ ಮತ್ತು ಮೂತ್ರದ ಸೋಂಕಿಗೆ ದಾರಿಯಾಗುವುದರಿಂದ ಮಕ್ಕಳ ವೈದ್ಯರಿಗೂ ತೋರಿಸಲು ಹೇಳಿದೆ. ಸೋಂಕಿರಲಿಲ್ಲ, ಮಲಬದ್ಧತೆಯಿತ್ತು, ಅದಕ್ಕೆ ವೈದ್ಯರು ಚಿಕಿತ್ಸೆ ಆರಂಭಿಸಿದರು.

ಮರುವಾರ ಸಮವಸ್ತ್ರದಲ್ಲೇ ಬರಲು ಹೇಳಿದೆ. ಸೊಂಟದಲ್ಲಿ ಕೊಕ್ಕೆಯ ಬೆಲ್ಟು, ಅದರ ಕೆಳಗೆ ಬಿಗಿಯಾದ ಲೋಹದ ಹುಕ್ಕು. ಬಿಚ್ಚಿ ತೋರಿಸುತ್ತೀಯಾ ಎಂದಾಗ ಹೊಟ್ಟೆಯನ್ನು ಒಳಗೆಳೆದುಕೊಂಡು, ನಾಲಿಗೆಯ ತುದಿ ಹೊರಗೆ ಹಾಕಿ, ಎರಡು ಹೆಬ್ಬೆರಳಿನಿಂದ ಕೊಕ್ಕೆಯನ್ನು ಒತ್ತತೊಡಗಿದಳು. ನಾನು ಗಡಿಯಾರ ನೋಡಿದೆ: ಬೆಲ್ಟು ಬಿಡಿಸಲು ಒಂದು ನಿಮಿಷ ಹತ್ತು ಸೆಕೆಂಡು ಹಿಡಿಯಿತು, ಹುಕ್ಕು ಬಿಡಲೇ ಇಲ್ಲ. ಮನೆಯಲ್ಲಿ ಅದನ್ನು ಅಜ್ಜಿ ಬಿಚ್ಚುತ್ತಿದ್ದರು. ಹುಟ್ಟುವಾಗ ಮಣಿಕಟ್ಟಿನ 8 ಮೂಳೆಗಳು ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ, ವರ್ಷಗಳುದ್ದಕ್ಕೂ ಒಂದೊಂದಾಗಿ ಮೂಳೆಯಾಗುತ್ತ ಬರುತ್ತವೆ, ಕೊನೆಯದರ ಸರದಿ ಬರುವುದೇ ಸುಮಾರು 8ರಿಂದ 12 ವರ್ಷದ ನಡುವೆ. ಐದು ವರ್ಷದ ಕೈ ಇನ್ನೂ ಕಟ್ಟಡ ನಡೆಯುತ್ತಿರುವ ಕೈ ಎಂದು ತಂದೆಗೆ ವಿವರಿಸುವಾಗ ಈ ಮಾತನ್ನು ಹೇಳಿದೆ. ಅವರು ಮಗಳ ಬೆಲ್ಟನ್ನು ಕೈಯಲ್ಲಿ ಹಿಡಿದು ತಾವೇ ಎರಡು ಸಲ ಹಾಕಿ ಬಿಚ್ಚಿ ನೋಡಿದರು. ಮುದ್ದಿನ ವಿಚಾರವನ್ನು ಆ ದಿನದಿಂದ ಮತ್ತೆ ಎತ್ತಲಿಲ್ಲ.

ಕುಟುಂಬದ ಒಪ್ಪಿಗೆಯೊಂದಿಗೆ ಶಾಲೆಗೆ ಹೋದೆ. ಮಕ್ಕಳ ಶೌಚಾಲಯದ ಚಿಲಕ ನನ್ನ ಭುಜದ ಎತ್ತರದಲ್ಲಿತ್ತು, ತುಕ್ಕು ಹಿಡಿದು ಬಿಗಿಯಾಗಿತ್ತು. ಬಣ್ಣ ಬಳಿಯುವಾಗ ಮೂಲದ ಚಿಲಕ ಮುರಿದದ್ದರಿಂದ ಮೇಲೊಂದು ಹಾಕಿದ್ದರಂತೆ. ಇಳಾ ತುದಿಗಾಲಲ್ಲಿ ನಿಂತು ಒಮ್ಮೆ ಅದನ್ನು ಹಾಕಿಕೊಂಡು ತೆಗೆಯಲಾರದೆ ಒಳಗೇ ಉಳಿದಿದ್ದಿರಬೇಕು. ಶಿಕ್ಷಕಿಗೆ ಅಂಥ ಘಟನೆ ನೆನಪಿರಲಿಲ್ಲ, ಎರಡು ನಿಮಿಷದ ಸಂಗತಿ ಮೂವತ್ತು ಮಕ್ಕಳ ತರಗತಿಯಲ್ಲಿ ನೆನಪಿರಬೇಕೆಂದು ನಿರೀಕ್ಷಿಸುವುದೂ ತಪ್ಪು. ನಾನು ಕೇಳಿಕೊಂಡದ್ದು ಸಣ್ಣ ಸಂಗತಿಗಳನ್ನು. ಚಿಲಕವನ್ನು ಮಕ್ಕಳ ಎತ್ತರಕ್ಕೆ ಇಳಿಸುವುದು ಅಥವಾ ಚಿಲಕವೇ ಬೇಡವೆಂದು ಬಾಗಿಲಿಗೆ ‘ಒಳಗಿದ್ದಾರೆ’ ಎಂಬ ಚಿತ್ರದ ಹಲಗೆ ತೂಗುಹಾಕುವುದು. ಎಲ್ಲರೆದುರು ಅನುಮತಿ ಕೇಳುವ ಬದಲು ಮೇಜಿನ ಮೇಲಿಂದ ಒಂದು ಚೀಟಿ ಎತ್ತಿಕೊಂಡು ಹೋಗುವ ಏರ್ಪಾಡು. ಇಳಾಳನ್ನು ಮಾತ್ರ ಕೇಳದೆ ಇಡೀ ತರಗತಿಗೆ ನೀರಿಗೂ ಶೌಚಕ್ಕೂ ಎರಡು ಸಲ ನೆನಪಿಸುವುದು. ಕೆಲವು ತಿಂಗಳು ಬೆಲ್ಟಿಗೆ ವಿನಾಯಿತಿ ಕೊಟ್ಟು ಇಲಾಸ್ಟಿಕ್ ಸೊಂಟದ ಉಡುಪಿಗೆ ಒಪ್ಪುವುದು. ಮೊದಲ ಮೂರಕ್ಕೆ ತಕ್ಷಣ ಒಪ್ಪಿಗೆ ಸಿಕ್ಕಿತು. ಬೆಲ್ಟಿನ ವಿಷಯದಲ್ಲಿ ಶಿಸ್ತಿನ ಪ್ರಶ್ನೆ ಎದ್ದು, ಎರಡು ವಾರ ಪತ್ರ ಓಡಾಡಿದ ಮೇಲೆ ಒಪ್ಪಿದರು.

ಇನ್ನು ಒಂದು ವರ್ಷ ತಡೆಹಿಡಿಯುವ ಪ್ರಶ್ನೆ. ಇಳಾ ತನ್ನ ತರಗತಿಯ ಅತ್ಯಂತ ಕಿರಿಯ ಮಕ್ಕಳಲ್ಲಿ ಒಬ್ಬಳು; ಹಿರಿಯ ಮಗುವಿಗೂ ಅವಳಿಗೂ ಹನ್ನೊಂದು ತಿಂಗಳ ಅಂತರ. ಐದು ವರ್ಷದ ಜೀವಕ್ಕೆ ಹನ್ನೊಂದು ತಿಂಗಳೆಂದರೆ ಹೆಚ್ಚುಕಡಿಮೆ ಅದರ ಆಯುಷ್ಯದ ಐದನೇ ಒಂದು ಭಾಗ. ತರಗತಿಯ ಕಿರಿಯ ಮಕ್ಕಳಿಗೆ ಗಮನದ ಕೊರತೆಯಿದೆ ಎಂಬ ಹಣೆಪಟ್ಟಿ ಹಿರಿಯರಿಗಿಂತ ಹೆಚ್ಚಾಗಿ ಅಂಟುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ಶಾಲೆಯ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಾಗೆಂದು ಇಂತಿಷ್ಟೇ ವಯಸ್ಸು ಸರಿ ಎಂಬ ಪ್ರಕೃತಿಯ ನಿಯಮವೂ ಇಲ್ಲ. ಇಂಗ್ಲೆಂಡಿನಲ್ಲಿ ಐದು ತುಂಬಿದ ನಂತರ ಬರುವ ಅವಧಿಯಿಂದ ಶಿಕ್ಷಣ ಕಡ್ಡಾಯ, ಫಿನ್ಲೆಂಡಿನಲ್ಲಿ ಮೊದಲ ತರಗತಿ ಆರಂಭವಾಗುವುದು ಮಗುವಿಗೆ ಏಳು ತುಂಬುವ ವರ್ಷದಲ್ಲಿ. ತಡವಾಗಿ ಸೇರಿದ ಮಕ್ಕಳು ಮೊದಲ ತರಗತಿಗಳಲ್ಲಿ ಮುಂದಿರುವುದು ಹೌದಾದರೂ ಆ ಅಂತರ ಮುಂದಿನ ವರ್ಷಗಳಲ್ಲಿ ಕಿರಿದಾಗುವುದು ಹಲವೆಡೆ ಕಂಡಿದೆ. ನನ್ನ ಮಟ್ಟಿಗೆ ಪ್ರಶ್ನೆ ಬೇರೆ: ಆ ಒಂದು ವರ್ಷದಲ್ಲಿ ಮಗುವಿಗೆ ಏನು ಸಿಗುತ್ತದೆ? ಜೊತೆಗಾರರು, ಆಟ, ಮಾತು ಸಿಗುವ ಜಾಗವಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಇಳಾಳಿಗೆ ಸಿಗುತ್ತಿದ್ದದ್ದು ಮನೆಯಲ್ಲಿ ಇನ್ನೂ ಎರಡು ನೋಟ್‌ಪುಸ್ತಕ, ಮುಂದಿನ ವರ್ಷ ಅದೇ ಚಿಲಕ. ಶಾಲೆ ಬಿಡಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಎಲ್ಲ ಮಕ್ಕಳಿಗೂ ಇದೇ ಮಾತು ಹೇಳುತ್ತಿರಲಿಲ್ಲ. ನಾಲ್ಕು ದಾಟಿದ ಮಗುವಿನ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ನಟನೆಯ ಆಟವನ್ನೇ ಆಡದಿದ್ದರೆ, ಮೆಟ್ಟಿಲು ಹತ್ತಿಳಿಯುವಾಗ ಪದೇ ಪದೇ ಬೀಳುತ್ತಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಮೊದಲು ಬರುತ್ತಿದ್ದ ಮಾತೋ ಕೌಶಲವೋ ಈಗ ಹೋಗಿದ್ದರೆ, ಶಾಲೆಯ ಚರ್ಚೆಯನ್ನು ಬದಿಗಿಟ್ಟು ಬೆಳವಣಿಗೆಯ ತಜ್ಞರ ಬಳಿಗೆ ತಡಮಾಡದೆ ಕಳಿಸುತ್ತಿದ್ದೆ. ‘ದೊಡ್ಡವಳಾದ ಮೇಲೆ ಸರಿಹೋಗುತ್ತದೆ’ ಎಂಬ ಸಮಾಧಾನ ಅಲ್ಲಿ ಸಲ್ಲದು.

ಮನೆಯವರಿಗೆ ಕೊಟ್ಟ ಸಲಹೆಯಲ್ಲಿ ಹೊಸದನ್ನು ಸೇರಿಸಿದ್ದಕ್ಕಿಂತ ಇದ್ದದ್ದನ್ನು ಬಿಡಿಸಿದ್ದೇ ಹೆಚ್ಚು. ಸಂಜೆಯ ಒಂದು ಗಂಟೆಯ ಬರವಣಿಗೆಯನ್ನು ನಿಲ್ಲಿಸಿ, ಆ ಹೊತ್ತಿನಲ್ಲಿ ಹದಿನೈದು ನಿಮಿಷ ಒಂದು ಚಿತ್ರಪುಸ್ತಕ ಹಿಡಿದು ಕುಳಿತು, ಓದಿ ಮುಗಿಸುವ ಆತುರವಿಲ್ಲದೆ, ‘ಇವನು ಯಾಕೆ ಹಾಗೆ ಮಾಡಿದ?’, ‘ಆಮೇಲೆ ಏನಾಗಬಹುದು?’ ಎಂದು ಕೇಳುತ್ತ ಅವಳ ಉತ್ತರಕ್ಕೆ ಇನ್ನೆರಡು ಮಾತು ಸೇರಿಸುತ್ತ ಹೋಗಿ ಎಂದೆ. ಗುಂಡಿ, ಜಿಪ್ಪು, ಡಬ್ಬಿಯ ಮುಚ್ಚಳ, ಚಪ್ಪಲಿಯ ಪಟ್ಟಿ ಇವನ್ನೆಲ್ಲ ಅವಳೇ ಬಿಚ್ಚಲಿ, ತಡವಾಗುವುದಾದರೆ ಹತ್ತು ನಿಮಿಷ ಮುಂಚೆ ಹೊರಡಿ ಎಂದದ್ದು ಅಜ್ಜಿಗೆ ಒಪ್ಪಿಗೆಯಾಗಲು ಸ್ವಲ್ಪ ಕಾಲ ಬೇಕಾಯಿತು. ಪ್ರೀತಿಯಿಂದ ಮಾಡುತ್ತಿದ್ದ ಕೆಲಸವನ್ನು ಬಿಡಿ ಎಂದರೆ ಯಾರಿಗಾದರೂ ಕಸಿವಿಸಿಯೇ. ಬಿಚ್ಚಲು ಕಲಿಸುವ ಜವಾಬ್ದಾರಿಯನ್ನು ಅವರಿಗೇ ವಹಿಸಿದ ಮೇಲೆ ಆ ಕಸಿವಿಸಿ ಹೋಯಿತು. ‘ಇವತ್ತು ಅತ್ತೆಯಾ?’ ಎಂದು ಗೇಟಿನಲ್ಲೇ ವಿಚಾರಣೆ ಮಾಡುವುದನ್ನು ಮೂವರೂ ನಿಲ್ಲಿಸಬೇಕು ಎಂದೆ. ರಾತ್ರಿ ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದಳು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಸಂಜೆಯ ರಂಪದಲ್ಲಿ ಅರ್ಧ ಪಾಲು ಇದರದ್ದೇ ಇರಬೇಕೆಂದು ನನ್ನ ಅನುಮಾನ. ಶಾಲೆ ಬಿಟ್ಟ ಮೇಲೆ, ಮಕ್ಕಳ ಗದ್ದಲವಿಲ್ಲದ ಹೊತ್ತಿನಲ್ಲಿ, ತಾಯಿಯ ಜೊತೆ ಆ ಶೌಚಾಲಯಕ್ಕೆ ಹೋಗಿ, ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಅರ್ಧ ಮುಚ್ಚಿ, ಕೊನೆಗೆ ಪೂರ್ತಿ ಮುಚ್ಚಿ, ಪ್ರತಿ ಸಲವೂ ತೆಗೆಯುವವಳು ಅವಳೇ ಆಗಿರುವಂತೆ ಅಭ್ಯಾಸ ಮಾಡಿಸಲು ಹೇಳಿದೆ.

ಆರು ವಾರದ ನಂತರ ತರಗತಿಯ ಅಳು ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲು ಇನ್ನೂ ಒಪ್ಪುತ್ತಿರಲಿಲ್ಲ. ಗೆಳತಿಯೊಬ್ಬಳು ಹೊರಗೆ ನಿಂತು ಹಾಡು ಹೇಳುತ್ತಿರಬೇಕು ಎಂಬ ಒಪ್ಪಂದವನ್ನು ಇಬ್ಬರೂ ತಾವೇ ಮಾಡಿಕೊಂಡಿದ್ದರು. ಅದನ್ನು ಬಿಡಿಸಬೇಡಿ ಎಂದು ಶಿಕ್ಷಕಿಗೆ ಹೇಳಿದ್ದೇನೆ. ಕೆಲವು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯುತ್ತಾಳೆ ಎಂಬುದು ತಾಯಿಯ ಹೊಸ ಚಿಂತೆ. ಈ ವಯಸ್ಸಿನಲ್ಲಿ ಅದು ಸಾಮಾನ್ಯ, ಏಳು ದಾಟಿದ ಮೇಲೂ ಉಳಿದರೆ, ಓದುವುದೂ ಕಷ್ಟವಾಗುತ್ತಿದ್ದರೆ ಆಗ ನೋಡೋಣ ಎಂದೆ. ತಂದೆ ಒಂದು ಕ್ಷಣ ಯೋಚಿಸಿ ಅದನ್ನೂ ಬರೆದುಕೊಂಡರು. ಹೊರಡುವಾಗ ಅಜ್ಜಿ ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಮುಂದೆ ಹಿಡಿದು ಎರಡು ಬೆರಳಿಟ್ಟು ಅಳತೆ ತೋರಿಸಿದರು: ಉಳಿದಿದ್ದದ್ದು ಅಷ್ಟೇ. ಮುಂದಿನ ಭೇಟಿ ಮೂರು ತಿಂಗಳ ನಂತರ, ಬೆಲ್ಟಿನ ವಿನಾಯಿತಿ ಮುಗಿಯುವ ವಾರದಲ್ಲಿ.